ಕೆಂಪು ಚೀಲ, ಎಪ್ಪತ್ತೆರಡು ಗಂಟೆ

“ಆಕಿ ಕೈಯಾಗಿನ ಚೀಲ ಇಸ್ಕೊಂಡು ಕೊಡಲೇ ಬಸಲಿಂಗ! ಇಲ್ಲಂದ್ರ ನಿನ್ನ ಕೈ ಮುರಿತೀನಿ!”

ಹಣಮೇಶನ ಕೈಯಲ್ಲಿ ಕಬ್ಬಿಣದ ರಾಡ್ ಇತ್ತು. ನನ್ನ ಕೈಯಲ್ಲಿ ಬೈಕಿನ ಕೀಲಿ ಬಿಟ್ಟರೆ ಏನೂ ಇರಲಿಲ್ಲ.

ನಿಮಗೆ ನಿಜ ಹೇಳುತ್ತೇನೆ... ಐವತ್ತೆರಡರ ವಯಸ್ಸಿನಲ್ಲಿ ರಾಡಿನ ಎದುರು ನಿಂತರೆ ಭಯಕ್ಕಿಂತ ಬೇಸರ ಜಾಸ್ತಿ. ಮನೆಗೆ ಹೋಗಿ ಮಲಗಿದರೆ ಸಾಕು ಅನಿಸುತ್ತದೆ.

ಭೀಮರಾಯನಗುಡಿ ರೋಡಿನ ಗುಜರಿ ಅಂಗಡಿ. ಬುಧವಾರ, ಮಧ್ಯಾಹ್ನ ಹನ್ನೆರಡೂ ಕಾಲು. ಹಣಮೇಶ ಶಹಾಪುರದ ಡಾಕ್ಟರ್ ಚೇತನಕುಮಾರರ ನರ್ಸಿಂಗ್ ಹೋಮಿನ ಆಳು. ಜೀಪು ಓಡಿಸುವುದು, ಹೆದರಿಸುವುದು ಎರಡೂ ಅವನ ಕೆಲಸ. ನಾನೂ ಅದೇ ಡಾಕ್ಟರ್ ಕಡೆಯವನು. ಇನ್ಸ್‌ಪೆಕ್ಷನ್, ಲೈಸೆನ್ಸ್, ರೋಗಿಯ ಕಡೆಯವರ ಗಲಾಟೆ... ಏನೇ ಆದರೂ ಬಸಲಿಂಗನನ್ನು ಕರೆಯುತ್ತಾರೆ.

ಅವತ್ತು ಬೆಳಿಗ್ಗೆಯೂ ಕರೆದರು. ಅವರ ಆಸ್ಪತ್ರೆಯ ಕಸದ ಚೀಲಗಳು ಈ ಗುಜರಿಯಲ್ಲಿವೆ. ಒಂದೊಂದರ ಮೇಲೂ ಆಸ್ಪತ್ರೆ ಹೆಸರಿನ ಸ್ಟಿಕರ್ ಇದೆ. ಯಾರ ಕಣ್ಣಿಗೂ ಬೀಳುವ ಮೊದಲು ವಾಪಸ್ ತರಬೇಕು. ಅಷ್ಟೇ ಕೆಲಸ.

ಬಂದೆ. ಚೀಲಗಳ ರಾಶಿಯ ನಡುವೆ ಸಾಯಬಮ್ಮ ಕೂತಿದ್ದಳು. ಗುಜರಿಯಲ್ಲಿ ಪ್ಲಾಸ್ಟಿಕ್ ಆರಿಸುವ ಹೆಂಗಸು. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

“ಕೈಗೇನಾತು ತಂಗಿ?”

“ಸೂಜಿ ಚುಚ್ಚೇದ್ರಿ ಅಣ್ಣಾರ. ಸಲೈನ್ ಬಾಟ್ಲಿ ಆರಸಾಕತ್ತಿದ್ನಿ... ತಳಕ ಸೂಜಿ ಇದ್ದವು. ರಕ್ತ ಹಿಂಡಿ ಸುಣ್ಣ ಹಚ್ಚೀನಿ.”

“ಯಾವಾಗ?”

“ಐತ್ವಾರ. ನಮ್ಮ ಮಾಲಕ್ರು ಮನ್ಸೂರಅಲಿ ಸಾಬ್ರು ನಮಾಜಿಗಿ ಹೋದ ಹೊತ್ತು. ಒಂದೂವರಿ ಆಗಿರ್ಬೇಕ್ರಿ.”

ವಾಚು ನೋಡಿದೆ. ಹನ್ನೆರಡು ಗಂಟೆ!

ಆಸ್ಪತ್ರೆಯ ಗೋಡೆಗಳ ಮೇಲೆ ಒಂದು ಪೋಸ್ಟರ್ ಇರುತ್ತದೆ. ಬಳಸಿದ ಸೂಜಿ ಚುಚ್ಚಿದರೆ, ಎಚ್‌ಐವಿ ತಡೆಯುವ ಮಾತ್ರೆಯನ್ನು ಎಪ್ಪತ್ತೆರಡು ಗಂಟೆಯೊಳಗೆ ಶುರು ಮಾಡಬೇಕು. ಆಮೇಲೆ ತಲೆ ಚಚ್ಚಿಕೊಂಡರೂ ಪ್ರಯೋಜನವಿಲ್ಲ. ಇನ್ಸ್‌ಪೆಕ್ಷನ್‌ಗೆಂದು ಆ ಪೋಸ್ಟರನ್ನು ಎಷ್ಟೋ ಕಡೆ ನಾನೇ ಅಂಟಿಸಿದ್ದೇನೆ.

ಯಾವ ರೋಗಿಯ ಸೂಜಿಯೋ ದೇವರಿಗೇ ಗೊತ್ತು. ಭಾನುವಾರ ಮಧ್ಯಾಹ್ನದಿಂದ ಲೆಕ್ಕ ಹಾಕಿದರೆ ಉಳಿದಿದ್ದು ಒಂದೂವರೆ ಗಂಟೆ.

ಡಾಕ್ಟರಿಗೆ ಫೋನ್ ಹಚ್ಚಿದೆ.

“ಸರ್, ಇಲ್ಲೊಬ್ಬ ಹೆಣ್ಮಗಳಿಗಿ ಸೂಜಿ ಚುಚ್ಚೇದ. ದವಾಖಾನಿಗಿ ಒಯ್ಯಬೇಕು.”

“ಮೊದ್ಲ ಚೀಲ ತಗೊಂಡು ಬಾ! ಆಕಿ ಎಲ್ಲಿಗೂ ಹೋಗಬಾರ್ದು. ಪೇಪರ್ ಮ್ಯಾಲ ಬಂತಂದ್ರ ಎಲ್ಲಾರೂ ಮುಳುಗ್ತೀವಿ.”

ಕಟ್! ಹದಿನೈದು ನಿಮಿಷಕ್ಕೆ ಹಣಮೇಶ ಜೀಪು ತಂದು ನಿಲ್ಲಿಸಿದ. ಸಾಯಬಮ್ಮ ತನಗೆ ಸೂಜಿ ಚುಚ್ಚಿದ ಕೆಂಪು ಚೀಲವನ್ನು ದವಾಖಾನೆಯಲ್ಲಿ ತೋರಿಸಬೇಕೆಂದು ಬಗಲಲ್ಲಿ ಹಿಡಿದಿದ್ದಳು. ಅದು ಬೇಕಿತ್ತು ಅವನಿಗೆ.

ರಾಡ್ ಮೇಲೆತ್ತಿದ...

ಬಾಟಲಿಗಳ ರಾಶಿಗೆ ಒದ್ದೆ. ನೂರಾರು ಸಲೈನ್ ಬಾಟಲಿ ಅವನ ಕಾಲಡಿ ಉರುಳಿದವು. ಧೊಪ್ಪೆಂದು ಬಿದ್ದ!

“ಬೈಕ್ ಹತ್ತು ತಂಗಿ! ಗಟ್ಟಿ ಹಿಡ್ಕೊ!”

ಶಹಾಪುರದ ಸರಕಾರಿ ಆಸ್ಪತ್ರೆ ಹತ್ತಿರವಿತ್ತು. ಆದರೆ ಅದರ ಗೇಟಿನಲ್ಲಿ ಡಾಕ್ಟರ್ ಕಡೆಯವರು ನಿಂತಿರುತ್ತಾರೆಂದು ಗೊತ್ತಿತ್ತು. ಹಾಗಾಗಿ ಕಾಲುವೆ ದಂಡೆ ಹಿಡಿದು ಯಾದಗಿರಿಯತ್ತ ಬೈಕ್ ತಿರುಗಿಸಿದೆ. ಸೊಂಟ ಹಿಡಿದುಕೊಂಡಿತ್ತು. ಈ ಬೈಕಿಗೂ ನನಗೂ ರಿಪೇರಿ ಮಾಡಿಸುವ ವಯಸ್ಸು ದಾಟಿದೆ.

“ಅಣ್ಣಾರ...” ಹಿಂದಿನಿಂದ ಸಾಯಬಮ್ಮ. “ನಮ್ಮ ಮೌನೇಶ್ವರಿ ಇನ್ನ ಎದಿ ಹಾಲು ಕುಡಿತಾಳ್ರಿ. ಮೂರು ದಿನ ಕುಡಿಸೀನಿ. ಕೂಸಿಗಿ ಏನೂ ಆಗಂಗಿಲ್ಲ ಹೌದಿಲ್ರಿ?”

ನಾನು ಆಕ್ಸಿಲರೇಟರ್ ಇನ್ನಷ್ಟು ತಿರುಚಿದೆ.

ಅವಳಿಗೆ ನಾನು ಹೇಳದ ಮಾತೊಂದಿತ್ತು. ಭಾನುವಾರ ಬೆಳಿಗ್ಗೆ ಡಾಕ್ಟರ್ ಕರೆದಿದ್ದರು. ಕಸ ಒಯ್ಯುವ ಗಾಡಿ ನಾಲ್ಕು ದಿನದಿಂದ ಬಂದಿರಲಿಲ್ಲ. ಕೋಣೆ ತುಂಬಿತ್ತು. ಸೂಜಿ ಹಾಕುವ ಬಿಳಿ ಡಬ್ಬಿ ತುಂಬಿದ್ದಕ್ಕೆ ಪ್ಲಾಸ್ಟಿಕ್ಕಿನ ಕೆಂಪು ಚೀಲಕ್ಕೇ ಸೂಜಿ ಸುರಿದಿದ್ದರು. ಸೋಮವಾರ ಇನ್ಸ್‌ಪೆಕ್ಷನ್! ‘ಗುಜರಿಗೆ ಹಾಕಿಸಿಬಿಡೋಣ ಸರ್’ ಎಂದವನು ನಾನು. ಆಟೋ ತಂದು ತುಂಬಿ ಕಳಿಸಿದವನೂ, ಅವಸರದಲ್ಲಿ ಸ್ಟಿಕರ್ ಕೀಳದೆ ಬಿಟ್ಟವನೂ ನಾನೇ. ಅವತ್ತು ಒಳ್ಳೆ ನಿದ್ದೆ ಬಂದಿತ್ತು.

ಹಾರ್ನ್! ಕನ್ನಡಿಯಲ್ಲಿ ಜೀಪು!

ಒಂದು ಸಲ ಹಿಂದಿನ ಗಾಲಿಗೆ ತಾಗಿಯೇ ಬಿಟ್ಟಿತು. ಬೈಕ್ ಹೊಯ್ದಾಡಿತು. ಎಡಕ್ಕೆ ನೀರು, ಬಲಕ್ಕೆ ಜಾಲಿ ಕಂಟಿ.

“ಚೀಲ ಕಂಟ್ಯಾಗ ಒಗಿ!”

“ಅಯ್ಯ, ಡಾಕ್ಟರಿಗಿ ತೋರಸಬೇಕಲ್ರಿ!”

“ಚೀಲ ಬೇಕೋ, ಜೀವ ಬೇಕೋ? ಒಗಿ!”

ಎಸೆದಳು. ಚೀಲ ಮುಳ್ಳಿನ ನಡುವೆ ಹೋಗಿ ಕೂತಿತು. ಜೀಪು ಕಿರ್ರೆಂದು ನಿಂತಿತು. ಡಾಕ್ಟರ್ ಹೆಸರಿರುವ ಸ್ಟಿಕರನ್ನು ಬಿಟ್ಟು ಬರುವ ಧೈರ್ಯ ಹಣಮೇಶನಿಗೆಲ್ಲಿ? ಲುಂಗಿ ಎತ್ತಿ ಕಟ್ಟಿ ಮುಳ್ಳಿಗಿಳಿದ. ನಾನು ತಿರುಗಿ ನೋಡಲಿಲ್ಲ.

ಭೀಮಾ ಸೇತುವೆ ದಾಟಿದಾಗ ಒಂದೂ ಹತ್ತು. ಯಾದಗಿರಿಯ ಜಿಲ್ಲಾಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಒಂದೂ ಇಪ್ಪತ್ತು. ಕೌನ್ಸೆಲರ್ ದೇವಿಕಾ ಊಟದ ಡಬ್ಬಿ ತೆರೆದಿದ್ದರು. ನನ್ನ ಮಾತು ಅರ್ಧ ಕೇಳುತ್ತಲೇ ಮುಚ್ಚಿ ಎದ್ದರು.

ಡ್ಯೂಟಿ ಡಾಕ್ಟರ್ ಬಂದರು. ಒಂದೂ ಇಪ್ಪತ್ತೇಳಕ್ಕೆ ಸಾಯಬಮ್ಮ ಮೊದಲ ಮಾತ್ರೆ ನುಂಗಿದಳು. ನಾನು ಬೆಂಚಿನ ಮೇಲೆ ಕೂತೆ.

“ಇಪ್ಪತ್ತೆಂಟು ದಿನ ಒಂದೂ ತಪ್ಪಿಸಬ್ಯಾಡ. ರಕ್ತ ಪರೀಕ್ಷಾ ಮತ್ತ ಮತ್ತ ಮಾಡಬೇಕಾಗ್ತದ,” ಎಂದರು ದೇವಿಕಾ. “ಡಾಕ್ಟ್ರು ಹೇಳೋ ತನಕ ಕೂಸಿಗಿ ಎದಿ ಹಾಲು ಬ್ಯಾಡವ್ವಾ.”

ಸಾಯಬಮ್ಮ ಸೆರಗು ಬಾಯಿಗಿಟ್ಟುಕೊಂಡಳು.

“ಕಸ ಯಾವ ಆಸ್ಪತ್ರಿದು? ಅಲ್ಲಿ ಇನ್ನ ಯಾರರ ಕೈ ಹಾಕಾಕತ್ತಾರೇನು?”

“ಇನ್ನ ಮೂರು ಮಂದಿ ಹೆಣ್ಮಕ್ಕಳು ಅದಾರ್ರಿ. ಆಸ್ಪತ್ರಿ ಯಾವುದು ಗೊತ್ತಿಲ್ರಿ ಮೇಡಂ, ನನಗ ಓದಾಕ ಬರಂಗಿಲ್ಲ. ಚೀಲ ಒಗದ್ವಿ.” ನನ್ನ ಕಡೆ ಕೈ ತೋರಿಸಿದಳು. “ಈ ಅಣ್ಣಾರು ದೇವ್ರು ಬಂದಾಂಗ ಬಂದ್ರು ನೋಡ್ರಿ.”

ಬಾಯಿ ಮುಚ್ಚಿಕೊಂಡಿದ್ದರೆ ಎದ್ದು ಹೋಗಬಹುದಿತ್ತು. ಸ್ಟಿಕರ್ ಹಣಮೇಶನ ಕೈ ಸೇರಿತ್ತು, ಗುಜರಿಯಲ್ಲಿ ಉಳಿದ ಸ್ಟಿಕರುಗಳನ್ನೂ ಡಾಕ್ಟರ್ ಕಡೆಯವರು ಕಿತ್ತಿರುತ್ತಾರೆ, ಸಾಕ್ಷಿ ಇರಲಿಲ್ಲ. ಆದರೆ ಆ ಮೂವರು ಇನ್ನೂ ಅದೇ ರಾಶಿಯಲ್ಲಿ ಕೂತಿರುತ್ತಾರೆ... ಸಾಕಾಗಿತ್ತು ನನಗೆ!

“ಬರ್ಕೊಳ್ರಿ ಮೇಡಂ,” ಎಂದೆ. “ಶಹಾಪುರದ ಚೇತನಕುಮಾರ ಡಾಕ್ಟರ್ ನರ್ಸಿಂಗ್ ಹೋಮ್. ಐತ್ವಾರ ಗುಜರಿಗಿ ಹಾಕ್ಸಿದವ ಬಸಲಿಂಗ.”

“ಅಂವ ಯಾರು? ಎಲ್ಲಿ ಸಿಗ್ತಾನ?”

“ನಾನೇ ರಿ.”

ದೇವಿಕಾರ ಪೆನ್ನು ನಿಂತಿತು. ಸಾಯಬಮ್ಮ ನಿಧಾನವಾಗಿ ಎದ್ದು ಬಂದಳು. ಬಟ್ಟೆ ಸುತ್ತಿದ ಅದೇ ಕೈಯಿಂದ ಕಪಾಳಕ್ಕೆ ಬಾರಿಸಿದಳು. ಕಾರಿಡಾರಿನ ತುದಿಯವರೆಗೂ ಕೇಳಿಸಿತು!

ಇಷ್ಟು ವರ್ಷದ ನನ್ನ ಕೆಲಸಕ್ಕೆ ನ್ಯಾಯವಾಗಿ ಸಿಕ್ಕ ಕೂಲಿ ಅದೊಂದೇ.