ಅಮಾವಾಸ್ಯೆಯಂದು ಬಡಿದ ಮಗ್ಗ

ಶುಕ್ರವಾರ ಬೆಳಿಗ್ಗೆ ಆರಕ್ಕೆ ಬರಬೇಕಿದ್ದ ‘ಕರಿ ಕಂಬಳಿ’ ಆಲ್ಬಮ್ ಏಳಾದರೂ ಬರಲಿಲ್ಲ. ಬಾಗಲಕೋಟೆಯ ‘ಮೂಡಗಾಳಿ ಆಡಿಯೊ’ ಕಂಪನಿಯ ಮೆಟ್ಟಿಲ ಮೇಲೆ ಮುತ್ತುರಾಜ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ.

ಬಸವೇಶ್ವರಿ ಸ್ಕೂಟಿ ನಿಲ್ಲಿಸಿದಳು. ಅವಳು ಜಿಲ್ಲೆಯ ದಿನಪತ್ರಿಕೆಯ ವರದಿಗಾರ್ತಿ. ಹುನಗುಂದದ ಈ ಹುಡುಗನ ಮೊದಲ ರ‍್ಯಾಪ್ ಆಲ್ಬಮ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲು ಬಂದಿದ್ದಳು. ಇಲ್ಲಿ ನೋಡಿದರೆ ಸುದ್ದಿಯೇ ಬೇರೆ.

“ಯಾರೋ ತಡಿ ಹಾಕ್ಯಾರ್ರಿ ಅಕ್ಕಾರ. ಆಯಿ ಹಾಡು ನಾ ಕದ್ದೇನಂತ.”

ಒಳಗೆ ಮಾಲೀಕ ವಿಜಯಮಹಾಂತೇಶ ಕಂಪ್ಯೂಟರ್ ತಿರುಗಿಸಿ ತೋರಿಸಿದ. ಹೆಸರಿಲ್ಲದ ಮೇಲ್. ‘ಲಗಮವ್ವನ ಬೀರಪ್ಪನ ಹಾಡನ್ನು ಮೊದಲು ರೆಕಾರ್ಡ್ ಮಾಡಿದವನು ನಾನು. ಈ ಜನವರಿ ಹದಿನೆಂಟು, ಇಳಕಲ್. ಆಲ್ಬಮ್ ನಿಲ್ಲಿಸದಿದ್ದರೆ ಕೋರ್ಟಿಗೆ ಹೋಗುತ್ತೇನೆ.’ ಜೊತೆಗೊಂದು ಆಡಿಯೊ. ಅದರಲ್ಲಿ ಮುತ್ತುರಾಜ ಆಯಿ ಎನ್ನುವ ಅವನ ಅಜ್ಜಿ ಲಗಮವ್ವನದೇ ಧ್ವನಿ. ಹಿಂದೆ ಕೈಮಗ್ಗದ ಸದ್ದು.

“ನಾವು ರೆಕಾರ್ಡ್ ಮಾಡಿದ್ದು ಫೆಬ್ರುವರಿ ಒಳಗ. ಅಂವಾ ನಮಗಿಂತ ಮೊದಲು. ಏನ್ ಮಾಡೂದ್ರಿ ಮೇಡಂ?” ವಿಜಯಮಹಾಂತೇಶ ಬೆವರು ಒರೆಸಿಕೊಂಡ. “ಒಂದ್ ತಿಂಗಳ ಟೈಮ್ ಕೊಡ್ರಿ. ಬೇಕಾದ್ರ ಎಲ್ಲಾ ಹೊಸದಾಗಿ ರೆಕಾರ್ಡ್ ಮಾಡೂಣು.”

ಮುತ್ತುರಾಜ ಅವಳನ್ನು ಹೊರಗೆ ಕರೆದ.

“ತಿಂಗಳ ಆಗೂದಿಲ್ರಿ. ನಾಳೆ ಮುಂಜಾನಿ ಆಯಿಗೆ ಗಂಟಲ ಆಪರೇಷನ್. ಧ್ವನಿ ಉಳಿತೈತೋ ಇಲ್ಲೋ, ಡಾಕ್ಟರಿಗೇ ಖಾತ್ರಿ ಇಲ್ಲ. ನನ್ನ ಹಾಡು ಮಂದಿ ಫೋನಿನ್ಯಾಗ ಕೇಳೇ ಒಳಗ ಹೋಗ್ತೇನಿ ಅಂತ ಕುಂತಾಳ.”

“ವಿಜಯಣ್ಣಗ ಹೇಳಿಲ್ಲೇನು?”

“ಯಾರಿಗೂ ಹೇಳಬ್ಯಾಡ ಅಂದಾಳ. ಮಂದಿ ಅಯ್ಯೋ ಪಾಪ ಅಂದ್ರ ಆಕಿಗೆ ಸೇರಂಗಿಲ್ಲ.” ಅವನ ದನಿ ಗಡುಸಾಯಿತು. “ಇದು ನವೀದಂದ ಕೆಲಸ. ಅವನ ಮನ್ಯಾಗ ಮಗ್ಗ ಐತಿ. ಆಯಿ ಅಲ್ಲಿ ಎಷ್ಟೋ ಸಲ ಹಾಡ್ಯಾಳ.”

ಇಳಕಲ್ಲಿನ ನವೀದ ರ‍್ಯಾಪ್‌ನಲ್ಲಿ ಅವನ ಜೊತೆಗಾರ. ಮೊದಲ ಸಾಲು ಯಾರು ಹೇಳಬೇಕೆಂಬ ಜಗಳದಲ್ಲಿ ಆರು ತಿಂಗಳಿನಿಂದ ಮಾತಿಲ್ಲ. ಬಸವೇಶ್ವರಿ ಗಡಿಯಾರ ನೋಡಿ, ಸ್ಕೂಟಿ ಏರಿ ಇಳಕಲ್ಲಿನ ದಾರಿ ಹಿಡಿದಳು.

* * *

“ಜಗಳಾಡೇನಿ, ಖರೆ,” ಎಂದ ನವೀದ. “ಆಯಿ ಹಾಡಿಗೆ ಕೈ ಹಚ್ಚೂವಂಥಾವ ನಾ ಅಲ್ಲ.”

ಸಿಕ್ಕಿಬಿದ್ದವರೆಲ್ಲ ಹೇಳುವುದು ಇದನ್ನೇ. ಬಸವೇಶ್ವರಿಗೆ ನಂಬಿಕೆ ಬರಲಿಲ್ಲ. ಹೊತ್ತು ಹನ್ನೆರಡಾಗಿತ್ತು. ಅವಳು ಆಡಿಯೊ ಹಚ್ಚಿದಳು.

ಮಗ್ಗದಲ್ಲಿ ಕುಳಿತಿದ್ದ ನವೀದನ ತಾಯಿ ಲಾಡಬಿ ಕೈ ನಿಲ್ಲಿಸಿ ಕೇಳಿದಳು.

“ಯಾವತ್ತಿಂದು ಅಂದಿ?”

“ಜನವರಿ ಹದಿನೆಂಟು.”

ಲಾಡಬಿ ಎದ್ದು ಗೋಡೆಯ ಕ್ಯಾಲೆಂಡರಿನ ಹಾಳೆ ಮೇಲೆತ್ತಿದಳು. ಹದಿನೆಂಟರ ಪಕ್ಕ ಕರಿ ಚುಕ್ಕೆ. ಅವರಾತ್ರಿ ಅಮಾವಾಸ್ಯೆ.

“ಅಮಾಸಿ ದಿನ ಈ ಓಣ್ಯಾಗ ಒಂದೂ ಮಗ್ಗ ಬಡಿಯಂಗಿಲ್ಲವ್ವಾ. ನಮಗ ಅಮಾಸಿ ಪೂಜಿ ಇಲ್ಲ. ಆದ್ರ ಓಣಿ ನಿಂತರ ನಮ್ಮದೂ ನಿಲ್ತೈತಿ. ನಾ ಮದಿವ್ಯಾಗಿ ಬಂದಾಗಿಂದ ಹಿಂಗ.” ಕಿವಿ ಇನ್ನಷ್ಟು ಹತ್ತಿರ ತಂದಳು. “ಇನ್ನೊಮ್ಮಿ ಹಚ್ಚು. ಕೆಳಗ ಏನೋ ಟಿಣ್ ಟಿಣ್ ಅಂತೈತಿ. ಅದು ಮಗ್ಗದ ಸಪ್ಪಳ ಅಲ್ಲ.”

ಬಸವೇಶ್ವರಿ ಅಲ್ಲಿಂದಲೇ ಮುತ್ತುರಾಜನಿಗೆ ಫೋನ್ ಮಾಡಿ ಕೇಳಿಸಿದಳು.

“ಅದು ಲೋಟಾ ರೀ ಅಕ್ಕಾರ! ಸ್ಟುಡಿಯೋದಾಗ ಆಯಿ ಚಾ ಕುಡದು, ಉಂಗುರದ ಬೆರಳಿಲೆ ಸ್ಟೀಲ್ ಲೋಟಾ ಬಡಕೋತ ಹಾಡಿದ್ಲು. ಹಾಡು ಕೆಡ್ತು ಅಂತ ವಿಜಯಣ್ಣ ಬೈದು, ಎರಡನೇ ಸಲ ಹಾಡಿಸಿದ. ಮೊದಲನೇದು ಅಳಿಸಿಬಿಟ್ಟ.”

“ಅಳಿಸಿದ್ದು ನೀ ನೋಡಿದಿ?”

“ಇಲ್ಲ. ಅಂವಾ ಹೇಳಿದ.”

* * *

ನಾಲ್ಕು ಗಂಟೆಗೆ ಮೂವರೂ ಬಾಗಲಕೋಟೆಯ ಸ್ಟುಡಿಯೋದಲ್ಲಿದ್ದರು. ನವೀದ ತಾನಾಗಿ ಬಂದಿದ್ದ. ಮುತ್ತುರಾಜ ಅವನತ್ತ ನೋಡಲಾರದೆ ನಿಂತಿದ್ದ.

“ಎರಡು ತಪ್ಪು ಮಾಡೀರಿ,” ಎಂದಳು ಬಸವೇಶ್ವರಿ, ವಿಜಯಮಹಾಂತೇಶನ ಎದುರು ನಿಂತು. “ಮಗ್ಗದವರಾರೂ ಅಮಾಸಿ ತಾರೀಖು ಹಾಕಿ ಮಗ್ಗದ ಸಪ್ಪಳ ಕೂಡಿಸಂಗಿಲ್ಲ. ಅಲ್ಲಿಗೆ ನವೀದ ಹೊರಗ. ಇನ್ನ ಲೋಟಾ. ಅದು ಬಡದದ್ದು ಈ ಖೋಲ್ಯಾಗ, ಫೆಬ್ರುವರಿಯೊಳಗ, ಒಂದ ಸಲ. ಆ ರೆಕಾರ್ಡಿಂಗ್ ಇದ್ದದ್ದು ನಿಮ್ಮ ಕಡೆ ಮಾತ್ರ.”

ವಿಜಯಮಹಾಂತೇಶ ಮೊದಲು ನಕ್ಕ. ಆಮೇಲೆ ಕುರ್ಚಿಯಲ್ಲಿ ಕುಸಿದ. ಡ್ರಾಯರ್ ಎಳೆದು ಹಾರ್ಡ್ ಡಿಸ್ಕ್ ಮೇಜಿನ ಮೇಲಿಟ್ಟ. ಮೂಲೆ ಒಡೆದಿತ್ತು.

“ಮಂಗಳವಾರ ಕೈ ಜಾರಿ ಬಿತ್ತು. ಪೂರಾ ಆಲ್ಬಮ್ ಹೋತು. ಇನ್ನೊಂದು ಕಾಪಿ ಇಟ್ಟಿರಲಿಲ್ಲ. ಊರ ತುಂಬ ತಾರೀಖು ಸಾರೇನಿ, ಹೆಂಗ ಮಾರಿ ತೋರಿಸ್ಲಿ? ಕೋರ್ಟು ಅಂದ್ರ ಯಾರೂ ಕೇಳಂಗಿಲ್ಲ, ತಿಂಗಳದಾಗ ಎಲ್ಲಾರ್ನೂ ಕರೆಸಿ ಮತ್ತ ಹಾಡಿಸಿದ್ರಾತು ಅಂತ…”

“ಯಾರ ಕಡಿಂದ ಹಾಡಸಾವ ಇದ್ದಿ ಅಣ್ಣಾ?” ಮುತ್ತುರಾಜ ಮೇಜಿನ ಹತ್ತಿರ ಬಂದ. “ನಾಳೆ ಆಕಿ ಗಂಟಲ ಕೊಯ್ತಾರ.”

ವಿಜಯಮಹಾಂತೇಶನ ಮುಖ ಬಿಳಿಚಿತು. ಇಷ್ಟು ಹೊತ್ತು ಅವನ ಮೇಲೆ ಸಿಟ್ಟಿಗೆದ್ದಿದ್ದ ಬಸವೇಶ್ವರಿಗೂ ಆ ಮುಖ ನೋಡಲಾಗಲಿಲ್ಲ.

“ಮಗ್ಗ ಕೂಡಿಸೂಕಿಂತ ಮೊದಲಿನ ರೆಕಾರ್ಡಿಂಗ್ ಐತೇನ್ರಿ?” ಎಂದು ಕೇಳಿದಳು.

“ಐತ್ರಿ. ಕೆಟ್ಟದ್ದಂತ ಅದನ್ನ ಕಂಪ್ಯೂಟರಿನ್ಯಾಗ ಬ್ಯಾರೆ ಇಟ್ಟಿದ್ನಿ, ಅದಕ್ಕ ಉಳದೈತಿ. ಆದ್ರ ಲೋಟಾದ ಸಪ್ಪಳ ತಗೀಲಿಕ್ಕೆ ಬರಂಗಿಲ್ಲ.”

“ತಗೀಬ್ಯಾಡ್ರಿ,” ಎಂದ ನವೀದ. “ತಾಳ ಅದ ಇರ್ಲಿ.” ಮುತ್ತುರಾಜನ ಕಡೆ ತಿರುಗಿದ. “ಮೊದಲ ಸಾಲು ನೀನ ಹೇಳಲೇ.”

* * *

ಆಲ್ಬಮ್ ಬರಲು ಇನ್ನೂ ತಿಂಗಳು ಬೇಕು. ಆ ಒಂದು ಹಾಡು ಮಾತ್ರ ಐದೂವರೆಗೆ ಯೂಟ್ಯೂಬಿಗೆ ಹೋಯಿತು.

ಆರು ಗಂಟೆಗೆ ದವಾಖಾನೆಯ ವಾರ್ಡಿನಲ್ಲಿ ಲಗಮವ್ವ ಬಾಗಿಲು ನೋಡುತ್ತ ಮಲಗಿದ್ದಳು. ಮಾತಾಡಕೂಡದೆಂದು ಡಾಕ್ಟರ ಅಪ್ಪಣೆ. ಮುತ್ತುರಾಜ ತನ್ನ ಫೋನ್ ಹಚ್ಚಲು ಹೋದರೆ ಕೈಸನ್ನೆ ಮಾಡಿ ಬೇಡವೆಂದಳು. ಮಂದಿ ಫೋನೇ ಬೇಕು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಬಸವೇಶ್ವರಿ ತನಗೆ ಗೊತ್ತಿದ್ದ ಗ್ರೂಪಿಗೆಲ್ಲ ಹಾಡು ಕಳಿಸಿ, ಉಗುರು ಕಚ್ಚುತ್ತ ನಿಂತಿದ್ದಳು.

ಮೂರನೆಯ ಹಾಸಿಗೆಯ ರೋಗಿಯನ್ನು ನೋಡಲು ಬಂದ ರಂಗವ್ವನೆಂಬ ಹೆಂಗಸು ಫೋನ್ ತೆಗೆದಳು. ಟಿಣ್, ಟಿಣ್. ಆಮೇಲೆ ಬೀರಪ್ಪನ ಹಾಡು.

“ಯಾರ ಧ್ವನಿನೋ ಯವ್ವಾ ಇದು!” ಎಂದು ರಂಗವ್ವ ಸದ್ದು ಹೆಚ್ಚಿಸಿದಳು.

ಆಪರೇಷನ್ನಿಗೆಂದು ಲಗಮವ್ವನ ಉಂಗುರ ಬಿಚ್ಚಿಸಿದ್ದರು. ಬರಿ ಬೆರಳಿನಿಂದಲೇ ಅವಳು ಮಂಚದ ಕಂಬಿ ಬಡಿಯತೊಡಗಿದಳು. ಟಿಣ್ ಟಿಣ್ ಸಪ್ಪಳ ಫೋನಿನಿಂದ ಬರುತ್ತಿತ್ತು.