ಅವತ್ತಿನ ಒದ್ದೆ ಕೂದಲು

"ಮುಂದಿನವರು ಬನ್ನಿ!"

ಕುರ್ಚಿ ಕಿರ್ರೆಂದಿತು. ಅವಳು ಮುಖ ನೋಡದೆಯೇ ಬಿಳಿ ಬಟ್ಟೆ ಕೊಡವಿ ಗಿರಾಕಿಯ ಕುತ್ತಿಗೆಗೆ ಸುತ್ತಿದಳು. ಕನ್ನಡಿಯತ್ತ ತಲೆ ಎತ್ತಿದಳು ಅಷ್ಟೇ...

ಅವನು!

'ಇನ್ನು ನಿನ್ನ ಮುಖ ತೋರಿಸಬೇಡ' ಎಂದು ಅವಳೇ ಮನೆಯಿಂದ ಹೊರಗಟ್ಟಿದ್ದ ಗಂಡ, ಒಂದೂವರೆ ವರ್ಷದ ನಂತರ ಅವಳ ಕುರ್ಚಿಯಲ್ಲೇ ಬಂದು ಕುಳಿತಿದ್ದ. ಗಾರೆ ಕೆಲಸದವನ ಅದೇ ಒರಟು ಕೈಗಳು ಬಟ್ಟೆಯೊಳಗೆ ಚಡಪಡಿಸುತ್ತಿದ್ದವು.

ಎದ್ದು ಹೋಗು ಎನ್ನಲು ಇದು ಅವಳ ಸಲೂನಲ್ಲ, ಆಸ್ಪತ್ರೆಯ ವರಾಂಡ. ಪ್ರತಿ ಭಾನುವಾರ ಅವಳು ಕುರ್ಚಿ, ಕನ್ನಡಿ ಹೊತ್ತು ತಂದು ಇಲ್ಲಿ ಕೂದಲು ಕತ್ತರಿಸುತ್ತಿದ್ದಳು. ಯಾರು ಎಷ್ಟು ಕೊಟ್ಟರೂ ಪಕ್ಕದ ಡಬ್ಬಿಗೆ. ಡಬ್ಬಿಯ ಮೇಲೆ ಅವಳದೇ ಅಕ್ಷರ: 'ಪುಟ್ಟಿಯ ನೆನಪಿಗೆ, ಎಳೆಗೂಸುಗಳ ಕೋಣೆಯ ದುರಸ್ತಿಗೆ.'

ದಿನ ತುಂಬುವ ಮೊದಲೇ ಹುಟ್ಟಿದ ಅವಳ ಪುಟ್ಟಿ ಇದ್ದದ್ದು ಆ ಕೋಣೆಯಲ್ಲೇ, ಹೋದದ್ದೂ ಅಲ್ಲೇ. ಗೋಡೆಗೆ ತೇವ ಹಿಡಿದಿತ್ತು. ತಾಯಂದಿರಿಗೆ ಕೂರಲು ಒಂದು ಕುರ್ಚಿಯೂ ಇರಲಿಲ್ಲ.

ಮೊದಮೊದಲು ಎಲ್ಲರೂ ಬಂದರು. 'ವಯಸ್ಸಿದೆ, ಇನ್ನೊಂದು ಆಗುತ್ತೆ ಬಿಡು' ಎಂದರು. ಆಮೇಲೆ ಪುಟ್ಟಿಯ ಸುದ್ದಿಯನ್ನೇ ಎತ್ತಲಿಲ್ಲ. ಮಾತಿಗೆ ಜನವಿಲ್ಲದ ಮನೆಯಲ್ಲಿ ಅವಳು ಟೀವಿ ಹಾಕಿಟ್ಟು ಅಡುಗೆ ಮಾಡುತ್ತಿದ್ದಳು. ವಾರ್ತೆ ಓದುವವನಿಗೆ 'ಹೌದಾ?' ಎಂದು ಉತ್ತರ ಕೊಡುವವರೆಗೂ ಹೋಗಿತ್ತು ಪಾಪ, ಅವಳ ಅವಸ್ಥೆ!

"ಹೇಗೆ ಕತ್ತರಿಸ್ಲಿ ಸರ್?" ಬೇಕೆಂದೇ ಕೇಳಿದಳು.

"ನಿಂಗೆ ಗೊತ್ತಲ್ಲ..."

"ನಂಗೇನೂ ಗೊತ್ತಿಲ್ಲ. ಗಿರಾಕಿಗಳೇ ಹೇಳ್ಬೇಕು."

"ಬೇಗ ಆಗ್ಲಿ ತಾಯಿ!" ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರು ಕೂಗಿದರು. "ನನ್ನ ತಲೇಲಿರೋ ನಾಲ್ಕು ಕೂದಲೂ ಕಾದು ಕಾದು ಉದುರಿ ಹೋಗ್ತಿವೆ!"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನೀರಿನ ಬಾಟಲಿ ಎತ್ತಿ ಅವನ ತಲೆಗೆ ಚಿಮುಕಿಸಿದಳು. ಕೂದಲು ಒದ್ದೆಯಾಗಿ ಹಣೆಗೆ ಅಂಟಿತು...

ಅಯ್ಯೋ, ಅದೇ ಒದ್ದೆ ಕೂದಲು!

ಅವತ್ತು ಅವಳು ಮಗುವಿನ ಬಳಿ ನಿಂತಿದ್ದಾಗ ಅವನು ಕೆಲಸದಿಂದ ಓಡಿ ಬಂದಿದ್ದ. ಬಾಗಿಲ ಗಾಜಿನಿಂದ ಒಮ್ಮೆ ಒಳಗೆ ನೋಡಿದ್ದ. ನೋಡಿ, ತಿರುಗಿ ಹೋಗಿಬಿಟ್ಟಿದ್ದ! ಆಮೇಲೆ ಪುಟ್ಟಿಯ ಉಸಿರು ತಪ್ಪಿತು. ಡಾಕ್ಟರು ಕೈಚೆಲ್ಲಿದ ಮೇಲೆ ಅವನು ಬಂದ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೈಯಿಂದ ಸೋಪಿನ ವಾಸನೆ.

'ಮಗು ಸಾಯ್ತಿದ್ರೆ ಸ್ನಾನ ಮಾಡ್ಕೊಂಡು ಬಂದ್ಯಾ? ನೀನು ಮನುಷ್ಯನಾ?'

ಅವನು ತುಟಿ ಬಿಚ್ಚಿರಲಿಲ್ಲ. ಆ ಮೌನವನ್ನೇ ಅವಳು ಒಪ್ಪಿಗೆ ಎಂದುಕೊಂಡಿದ್ದಳು.

ಈಗ ಅವಳು ಅವನ ಕಿವಿಯ ಬಳಿ ಕಚಕಚನೆ ಕತ್ತರಿ ಆಡಿಸಿದಳು.

"ಯಾಕೆ ಬಂದಿದೀರಾ?"

"ಆ ಕೋಣೆ ಗೋಡೆ ಕೆಲಸ ನಾನೇ ಮಾಡ್ತೀನಿ. ಕೂಲಿ ಬೇಡ." ಅವನು ಡಬ್ಬಿಯತ್ತ ಕಣ್ಣು ಹಾಯಿಸಿದ. "ಒಂದೇ ಒಂದು ಕೇಳ್ಕೋತೀನಿ. ಕೋಣೆ ಪಕ್ಕದಲ್ಲೇ ಒಂದು ಸ್ನಾನದ ಮನೆ ಕಟ್ಟೋಣ. ಅಪ್ಪ ಅಮ್ಮಂದಿರಿಗೆ."

ಅವಳಿಗೆ ರೇಗಿಹೋಯಿತು.

"ಸ್ನಾನ! ಅವತ್ತೂ ಸ್ನಾನ, ಇವತ್ತೂ ಸ್ನಾನ! ನಾಚಿಕೆ ಆಗಲ್ವಾ ನಿಂಗೆ?"

ಸಾಲಿನವರೆಲ್ಲ ಇತ್ತ ತಿರುಗಿದರು. ಅವನು ಕನ್ನಡಿಯಲ್ಲಿ ಅವಳ ಕಣ್ಣನ್ನೇ ನೋಡಿದ.

"ಬಾಗಿಲಲ್ಲಿ ನರ್ಸಕ್ಕ ಇದ್ರು. ಮಗು ಚೆನ್ನಾಗಿದೆ, ಇವತ್ತು ಅಪ್ಪನ ಎದೆ ಮೇಲೆ ಮಲಗಿಸ್ತೀನಿ ಅಂದ್ರು. ನನ್ನ ಮೈ ತುಂಬ ಸಿಮೆಂಟು. ಹೀಗೇ ಮುಟ್ಟಿದ್ರೆ ಮಗೂಗೆ ಸೋಂಕಾಗತ್ತೆ, ಚೆನ್ನಾಗಿ ತೊಳ್ಕೊಂಡು ಬಾಪ್ಪಾ ಅಂದ್ರು. ಸ್ನಾನದ ಮನೆ ಇದ್ದದ್ದು ಕೆಳಗೆ, ಹಿತ್ತಿಲ ಕಡೆ. ಇಡೀ ಆಸ್ಪತ್ರೆಗೆ ಒಂದೇ. ಮುಂದೆ ಸಾಲು..."

ಅವನು ಬಟ್ಟೆಯೊಳಗಿಂದ ಕೈಗಳನ್ನು ಹೊರತೆಗೆದು ನೋಡಿಕೊಂಡ.

"ಸಿಮೆಂಟು ಹೋಗ್ಲೇ ಇಲ್ಲ ಕಣೇ. ಉಜ್ಜಿದೆ, ಉಜ್ಜಿದೆ... ಮೇಲೆ ಬಂದಾಗ ಎಲ್ಲಾ ಮುಗಿದಿತ್ತು."

ಅಂದರೆ, ಅವತ್ತು ಅವನು ಓಡಿ ಹೋದದ್ದಲ್ಲ. ಮಗಳನ್ನು ಎದೆಗೆ ಒತ್ತಿಕೊಳ್ಳಲು ಅಣಿಯಾಗಿ ಬರುತ್ತಿದ್ದ!

"ಯಾಕೋ ಹೇಳ್ಲಿಲ್ಲ? ನಾನು ಅಷ್ಟೆಲ್ಲಾ ಅಂದಾಗ ಒಂದು ಮಾತು ಹೇಳೋಕೆ ಏನಾಗಿತ್ತು?"

"ಏನಂತ ಹೇಳ್ಲಿ? ಅವಳು ಅಪ್ಪಂಗೆ ಕಾಯ್ತಿದ್ಲು, ನಾನು ಸೋಪು ಹಚ್ಕೋತಿದ್ದೆ. ನೀನು ಬೈದದ್ದು ಸರೀನೇ ಅನ್ನಿಸ್ತು."

ಕತ್ತರಿ ಕೆಳಗೆ ಬಿತ್ತು. ಅರ್ಧ ಕೂದಲು ಕತ್ತರಿಸಿ ಅರ್ಧ ಬಿಟ್ಟಿದ್ದ ಅವನ ತಲೆ ನೋಡಲು ತಮಾಷೆಯಾಗಿತ್ತು. ಅವಳು ಆ ತಲೆಯನ್ನೇ ತಬ್ಬಿಕೊಂಡು ಅತ್ತಳು. ಇಷ್ಟು ಕಾಲ ಒಬ್ಬಳೇ ಅತ್ತಿದ್ದಳು. ಜೊತೆಗೆ ಅಳಬೇಕಾದವನು ಬೇರೆ ಯಾವುದೋ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಅಳುತ್ತಿದ್ದಾನೆಂದು ಅವಳಿಗೇನು ಗೊತ್ತು?

ಮೇಷ್ಟ್ರು ಕೆಮ್ಮಿ, ಸಾಲಿನವರನ್ನು ಶಾಲೆಯ ಮಕ್ಕಳಂತೆ ಮೆಲ್ಲಗೆ ಆಚೆ ಕರೆದುಕೊಂಡು ಹೋದರು.

"ಒಂದು ಕೇಳ್ಲಾ?" ಅವನ ದನಿ ತೀರಾ ಸಣ್ಣದಾಗಿತ್ತು. "ನಾನು ಅವಳನ್ನ ಎತ್ಕೊಳ್ಳಲೇ ಇಲ್ಲ. ಎತ್ಕೊಂಡ್ರೆ... ಹೇಗಿರ್ತಿದ್ಲು?"

ಅವಳು ಕಣ್ಣು ಮುಚ್ಚಿದಳು. ಈ ಪ್ರಶ್ನೆಯನ್ನು ಇದುವರೆಗೆ ಒಬ್ಬರೂ ಕೇಳಿರಲಿಲ್ಲ. ಒಬ್ಬರೂ!

"ಬೆಚ್ಚಗೆ. ನಿದ್ದೇಲೂ ಹುಬ್ಬು ಗಂಟಿಕ್ಕೋತಿದ್ಲು, ಥೇಟ್ ನಿನ್ನ ಹಾಗೇ. ಯಾರ ಮೇಲೋ ಸಿಟ್ಟು ಬಂದವಳ ಹಾಗೆ."

ಅವನು ಅಳುತ್ತಲೇ ನಕ್ಕ.

"ಆಮೇಲೆ? ಇನ್ನೂ ಹೇಳು."

"ಇಲ್ಲಿ ಬೇಡ. ಮನೆಗೆ ಬಾ."

"ಬರ್ಲಾ?"

"ಬಾ. ಅವಳು ಆಕಳಿಸಿದ್ದು ಹೇಳ್ಬೇಕು, ನನ್ನ ಬೆರಳು ಹಿಡ್ಕೊಂಡದ್ದು ಹೇಳ್ಬೇಕು... ಇಷ್ಟು ದಿನ ಕೇಳೋರೇ ಇರ್ಲಿಲ್ಲ ಕಣೋ."