ಹದಿನಾಲ್ಕು ಬೋಲ್ಟುಗಳ ತುಕ್ಕು

ಹದಿನಾರನೇ ತಾರೀಖು ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ರೈಫಲ್ ಕ್ಲಬ್ಬಿನ ಕಾರ್ಯದರ್ಶಿ ಠಾಣೆಯ ಮೆಟ್ಟಿಲು ಹತ್ತಿದರು. ಹತ್ತಿದರು ಅನ್ನುವುದಕ್ಕಿಂತ ಮೆಟ್ಟಿಲಿಗೆ ಉಪಕಾರ ಮಾಡಿದರು ಅನ್ನಬೇಕು. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ನಾಲ್ವರತ್ತ ಕಣ್ಣೂ ಹಾಯಿಸದೆ ನೇರ ಒಳಗೆ ಬಂದು, ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಕೂತರು. ಟೈಪ್ ಮಾಡಿಸಿದ ದೂರನ್ನು ದಫೇದಾರರ ಮೇಜಿನ ಮೇಲೆ ಎಸೆದರು.

"ಓದೋಕೆ ಬರುತ್ತೆ ತಾನೇ?"

ದಫೇದಾರರಿಗೆ ಇಪ್ಪತ್ತೊಂಬತ್ತು ವರ್ಷದ ಸರ್ವೀಸು. ಕುರ್ಚಿ ಒರೆಸಿ ಕೂರುವವರನ್ನು ಅವರು ಬಹಳ ಕಂಡಿದ್ದರು. "ನಿಧಾನಕ್ಕೆ ಬರುತ್ತೆ ಸಾರ್. ಅವಸರ ಇದ್ರೆ ತಾವೇ ಬಾಯಲ್ಲಿ ಹೇಳಿಬಿಡಿ."

ವಿಷಯ ಇಷ್ಟು. ಕ್ಲಬ್ಬಿನಲ್ಲಿ ಹದಿನಾಲ್ಕು ರೈಫಲುಗಳಿದ್ದವು. ಗುಂಡನ್ನು ಒಳಕ್ಕೆ ದೂಡಿ ಹಿಂದಿನಿಂದ ಬಿಗಿಹಿಡಿಯುವ ಉಕ್ಕಿನ ತುಂಡಿಗೆ ಬೋಲ್ಟು ಅನ್ನುತ್ತಾರೆ. ಅದಕ್ಕೆ ಕನ್ನಡಿಯಂತೆ ಹೊಳಪು ಕೊಟ್ಟಿರುತ್ತಾರೆ, ಬಣ್ಣ ಬಳಿಯುವುದಿಲ್ಲ. ಮೈಮುಚ್ಚಲು ಅದಕ್ಕೆ ಎಣ್ಣೆಯೊಂದೇ ಬಟ್ಟೆ. ಶನಿವಾರ ಸಂಜೆ ಥಳಥಳಿಸುತ್ತಿದ್ದ ಹದಿನಾಲ್ಕೂ ಬೋಲ್ಟುಗಳು ಸೋಮವಾರ ಬೆಳಿಗ್ಗೆ ಬೀಗ ತೆಗೆದಾಗ ತುಕ್ಕು ಹಿಡಿದು ಕೂತಿದ್ದವು.

"ಇದು ನಮ್ಮ ಕೋವಿ ಮಿಸ್ತ್ರಿದೇ ಕೆಲಸ," ಎಂದರು ಕಾರ್ಯದರ್ಶಿ. "ತಿಂಗಳ ಕೊನೆಗೆ ರಿಟೈರ್ ಆಗ್ತಾನೆ. ಇನ್ನೆರಡು ವರ್ಷ ಇರ್ತೀನಿ ಅಂದ, ನಾನು ಆಗಲ್ಲ ಅಂದೆ. ಆ ಹೊಟ್ಟೆಕಿಚ್ಚು. ಸಂಜೆಯೊಳಗೆ ಅವನನ್ನ ಒಳಗೆ ಹಾಕಿ."

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಮೇಡಂ ದೂರನ್ನು ಒಂದು ಸಲ ಓದಿ ಕೇಳಿದರು. "ಬೀಗದ ಕೀಲಿ ಎಷ್ಟು ಜನರ ಹತ್ರ ಇದೆ?"

"ಮೂರು. ನನ್ನದು, ಮಿಸ್ತ್ರಿದು, ಆಫೀಸಿನ ಗುಮಾಸ್ತನದು."

"ಹಾಗಾದ್ರೆ ಮೂವರ ಹೇಳಿಕೆಯೂ ಬೇಕು."

"ನನ್ನದೂನಾ? ನಾನು ಯಾರು ಗೊತ್ತೇನ್ರೀ?"

"ಗೊತ್ತಲ್ಲ. ಮೂವರಲ್ಲಿ ಒಬ್ಬರು," ಎಂದು ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

ಹನ್ನೊಂದು ಇಪ್ಪತ್ತಕ್ಕೆ ಕ್ಲಬ್ಬಿನ ಕೋವಿ ಕೋಣೆಯಲ್ಲಿ ಪಂಚನಾಮೆ ಶುರುವಾಯಿತು. ಎದುರು ಬೀದಿಯ ದರ್ಜಿ ಮತ್ತು ಜೆರಾಕ್ಸ್ ಅಂಗಡಿಯವನು ಪಂಚರು. ಕಿಟಕಿಯಿಲ್ಲದ ಕೋಣೆ, ಒಂದು ಕಬ್ಬಿಣದ ಬೀರು, ಎಣ್ಣೆ ಕುಡಿದು ಕಪ್ಪಾದ ಮರದ ಮೇಜು, ಮೊಳೆಗೆ ನೇತುಹಾಕಿದ ಹತ್ತಿಯ ಬಿಳಿ ಕೈಗವಸು. ಮಿಸ್ತ್ರಿ ಗೋಡೆಗೆ ಒರಗಿ ನಿಂತಿದ್ದರು. ಬಡಕಲು ಮನುಷ್ಯ. ಇಡೀ ಲೋಕವೇ ಕೈ ತೊಳೆಯದೆ ಬಂದಿದೆ ಅನ್ನುವಂತಿತ್ತು ಅವರ ನೋಟ.

"ಹದಿಮೂರನ್ನ ನೋಡ್ಕೊಳ್ಳಿ," ಎಂದರು. "ಹದಿನಾಲ್ಕನೇದನ್ನ ಸಾಹೇಬ್ರು ಕರ್ಚೀಫಲ್ಲಿ ಉಜ್ಜಿಬಿಟ್ಟಿದಾರೆ. ತುಕ್ಕೂ ಒಂದೇ, ಮೂಗಿನ ಸಿಂಬಳವೂ ಒಂದೇ ಅಂದ್ಕೊಂಡಿದಾರೆ."

ದರ್ಜಿ ನಕ್ಕ. ಕಾರ್ಯದರ್ಶಿ ಕೆಂಪಾದರು.

"ಶನಿವಾರ ಏನೇನು ಮಾಡಿದ್ರಿ?" ದಫೇದಾರರು ಕೇಳಿದರು.

"ಮೂವತ್ತೊಂದು ವರ್ಷದಿಂದ ಮಾಡಿದ್ದೇ. ಗವಸು ಹಾಕ್ಕೊಂಡೆ, ಒಣ ಬಟ್ಟೇಲಿ ಒರೆಸಿದೆ, ಎಣ್ಣೆ ಬಟ್ಟೆ ಎಳೆದೆ. ಕಣ್ಣಿಗೆ ಕಾಣಬಾರದು, ಆದ್ರೆ ಇರಬೇಕು, ಅಷ್ಟು ತೆಳುವಾಗಿ. ತೇವ ಹೀರೋ ಪೊಟ್ಟಣ ಇಟ್ಟೆ, ಬೀಗ ಹಾಕಿದೆ."

ಬೀರುವಿನಲ್ಲಿ ಪೊಟ್ಟಣಗಳಿರಲಿಲ್ಲ. ಕೆಳಗಿನ ಅರೆಯಲ್ಲಿ ಮಡಿಸಿಟ್ಟ ಟವೆಲ್ ಇನ್ನೂ ಒದ್ದೆಯಿತ್ತು. ಕಸದ ಡಬ್ಬಿಯಲ್ಲಿ ಸಿಕ್ಕ ಚಿಂದಿ ಸ್ಪಿರಿಟ್ ವಾಸನೆ ಹೊಡೆಯುತ್ತಿತ್ತು. ಯಾರೋ ಎಣ್ಣೆಯನ್ನು ತೊಳೆದು ತೆಗೆದು, ಉಕ್ಕನ್ನು ಬೆತ್ತಲೆ ಮಾಡಿ, ಪಕ್ಕದಲ್ಲಿ ತೇವ ಇಟ್ಟು ಹೋಗಿದ್ದರು.

ದಫೇದಾರರು ಒಂದು ಬೋಲ್ಟಿಗೆ ದಾರ ಕಟ್ಟಿ ಎತ್ತಿ ಬೆಳಕಿಗೆ ಹಿಡಿದರು. ಅಂಚಿನಲ್ಲಿ ತುಕ್ಕು ಹಿಟ್ಟು ಚೆಲ್ಲಿದ ಹಾಗೆ ಹರಡಿತ್ತು. ನಡುವೆ ಮಾತ್ರ ಅದಕ್ಕೊಂದು ಆಕಾರವಿತ್ತು: ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಎರಡು ಬೆರಳು. ಗೆರೆ ಗೆರೆಯಾಗಿ, ಯಾರೋ ಕಂದು ಶಾಯಿಯಲ್ಲಿ ಒತ್ತಿದ ಹಾಗೆ ಉಕ್ಕಿಗೆ ಕಚ್ಚಿಕೊಂಡಿತ್ತು. ಹದಿಮೂರರಲ್ಲೂ ಅದೇ ಬೆರಳು.

"ಬರಿಗೈಲಿ ಮುಟ್ಟಿದಾನೆ. ಎಲ್ಲರ ಬೆವರೂ ಇಷ್ಟು ಬೇಗ ಕಚ್ಚಲ್ಲ, ಅಲ್ವಾ?" ಕೆಲಸಕ್ಕೆ ಸೇರಿದ ಹೊಸದರಲ್ಲಿ ದಫೇದಾರರು ಎರಡು ವರ್ಷ ಇಲಾಖೆಯ ಬಂದೂಕು ಒರೆಸಿದವರು.

ಮಿಸ್ತ್ರಿ ಮೊದಲ ಸಲ ಅವರ ಮುಖ ನೋಡಿದರು. ಆಮೇಲೆ ಬೋಲ್ಟನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಯಾರ ಕೈ ಇದು?"

"ನನಗೆ ಗೊತ್ತಿಲ್ಲ."

"ನಿಮಗೆ ಗೊತ್ತು."

"ಗೊತ್ತಿಲ್ಲ ಅಂದೆನಲ್ಲ. ಕೋಳ ಹಾಕೋದಿದ್ರೆ ಹಾಕಿ, ಹೊರಡೋಣ."

ಅಷ್ಟು ಹೊತ್ತು ನಾಲಿಗೆಯನ್ನೇ ಕತ್ತಿಯಂತೆ ಆಡಿಸಿದವರು ಒಮ್ಮೆಲೇ ಬಾಯಿಗೆ ಬೀಗ ಹಾಕಿಕೊಂಡರೆ, ಒಳಗೆ ಬಚ್ಚಿಟ್ಟದ್ದು ತಮ್ಮ ಮನೆಯದೇ ಇರಬೇಕು ಎಂದುಕೊಂಡರು ದಫೇದಾರರು.

ಮಧ್ಯಾಹ್ನ ಎರಡೂವರೆಗೆ ಗುಮಾಸ್ತನ ವಿಚಾರಣೆ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸುತ್ತಿಕೊಂಡ ಕರವಸ್ತ್ರ.

"ಮಿಸ್ತ್ರಿ ನಿಮಗೆ ಏನಾಗಬೇಕು?"

"ಸೋದರಮಾವ. ನಮ್ಮಮ್ಮನ ಅಣ್ಣ."

"ಕೆಲಸಗಾರ ಹೆಂಗೆ?"

"ಎಣ್ಣೆ ಬಟ್ಟೆ ಎಳೆಯೋಕೆ ಅದ್ಯಾವ ಮಹಾ ವಿದ್ಯೆ ಬೇಕು ಸಾರ್? ತಾನೊಬ್ಬನೇ ಭೂಮಿ ಹೊತ್ತಿರೋ ಥರ ಆಡ್ತಾರೆ."

"ಭಾನುವಾರ ಎಲ್ಲಿದ್ರಿ?"

"ಮನೇಲಿ."

"ಕ್ಲಬ್ಬಿಗೆ ಬರಲಿಲ್ಲ?"

"ರಜಾ ದಿನ ಯಾರು ಬರ್ತಾರೆ?"

ಗೇಟಿನ ಕಾವಲುಗಾರ ಬೇರೆಯೇ ಹೇಳಿದ. "ಬಂದಿದ್ರಲ್ಲ, ಮೂರು ಗಂಟೆಗೆ. ಫೈಲು ಮರೆತೆ ಅಂದ್ರು. ಮುಕ್ಕಾಲು ಗಂಟೆ ಬಿಟ್ಟು ಬರಿಗೈಲಿ ಹೋದ್ರು. ಫೈಲು ತಿಂದ್ಕೊಂಡು ಹೋದ್ರೇನೋ, ನಾನೇನು ಹೊಟ್ಟೆ ಮುಟ್ಟಿ ನೋಡ್ಲಾ?"

ಹಳೆಯ ಕತೆಯೂ ಅವನ ಬಾಯಿಂದಲೇ ಹೊರಬಿತ್ತು. ಕೋವಿ ಕೆಲಸ ಕಲಿಯಲು ಬಂದವರಿಗೆ ಮಿಸ್ತ್ರಿ ಒಂದು ಪರೀಕ್ಷೆ ಇಡುತ್ತಿದ್ದರು. ಹೊಳಪು ಕೊಟ್ಟ ಉಕ್ಕಿನ ತಗಡನ್ನು ಅಂಗೈಯಲ್ಲಿ ಹಿಡಿಸಿ, ಒಂದು ದಿನ ಹಾಗೇ ಬಿಟ್ಟು ನೋಡುವುದು. ಕೆಲವರ ಬೆವರು ಉಕ್ಕಿಗೆ ಆಗಿಬರುವುದಿಲ್ಲ, ಮರುದಿನಕ್ಕೆ ಕೈಯ ಗುರುತು ಕೆಂಪಗೆ ಮೂಡುತ್ತದೆ. ಹನ್ನೊಂದು ವರ್ಷದ ಹಿಂದೆ ಕಲಿಯಲು ಬಂದ ಈ ಸೋದರಳಿಯನ ತಗಡಿನಲ್ಲಿ ಐದೂ ಬೆರಳು ಮೂಡಿದ್ದವು. ಮಿಸ್ತ್ರಿ ಆ ತಗಡನ್ನು ಕ್ಲಬ್ಬಿನ ಅಂಗಳದಲ್ಲಿ, ಚಹಾ ಕುಡಿಯುತ್ತಿದ್ದವರೆಲ್ಲರ ಮುಂದೆ ಎತ್ತಿ ತೋರಿಸಿ, "ಇದು ಕೈಯಲ್ಲ ಕಣ್ರೋ, ಉಪ್ಪಿನ ಮೂಟೆ" ಅಂದಿದ್ದರು. ಅವತ್ತಿನಿಂದ ಅವನಿಗೆ ಉಪ್ಪುಗೈ ಅನ್ನುವ ಹೆಸರು ಅಂಟಿತು. ಕಾರ್ಯದರ್ಶಿಗಳೂ ಅವನನ್ನು ಹಾಗೇ ಕರೆಯುತ್ತಿದ್ದರು.

"ಈಗ ಮಿಸ್ತ್ರಿ ಜಾಗ ಖಾಲಿ ಆಗುತ್ತಲ್ಲ," ಎಂದ ಕಾವಲುಗಾರ. "ನನ್ನ ಹೆಸರು ಹೇಳು ಮಾವ ಅಂತ ಹೋದ ವಾರ ಕೇಳಿದ. ಬೀರು ಹಿಡಿಕೆ ಕೂಡ ಮುಟ್ಬೇಡ, ದೂರ ನಿಂತ್ಕೋ ಅಂದ್ರು. ಆಳುಗಳೆಲ್ಲ ಅಲ್ಲೇ ಇದ್ವಿ. ನಕ್ವಿ. ನಗಬಾರದಿತ್ತೇನೋ."

ದಫೇದಾರರು ಮಿಸ್ತ್ರಿಯಿಂದ ಮೂರು ತಗಡು ತರಿಸಿದರು. ಪಂಚರ ಎದುರು ಕೀಲಿ ಇದ್ದ ಮೂವರಿಗೂ ಒಂದೊಂದನ್ನು ಒಂದು ನಿಮಿಷ ಹಿಡಿಸಿ, ಒದ್ದೆ ಹತ್ತಿಯ ಜೊತೆ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಮೊಹರು ಮಾಡಿದರು. ಕಾರ್ಯದರ್ಶಿ ತಗಡನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದರು. ಪೂರ್ತಿ ಹಿಡಿಯಿರಿ ಎಂದು ಇನ್ಸ್‌ಪೆಕ್ಟರ್ ಎರಡು ಸಲ ಹೇಳಬೇಕಾಯಿತು. ಗುಮಾಸ್ತ ಮಾತ್ರ ಗಟ್ಟಿಯಾಗಿ, ಬೇಕೆಂದೇ, ಮಾವನ ಮುಖ ನೋಡುತ್ತ ಹಿಡಿದ.

"ಇದೆಲ್ಲ ಕೋರ್ಟಿನಲ್ಲಿ ನಿಲ್ಲಲ್ಲ ದಫೇದಾರ್ರೇ," ಎಂದರು ಇನ್ಸ್‌ಪೆಕ್ಟರ್.

"ನಿಲ್ಲಲ್ಲ ಮೇಡಂ. ಯಾರ ಹಿಂದೆ ಹೋಗಬೇಕು ಅಂತ ಗೊತ್ತಾದ್ರೆ ಸಾಕು. ಕೋರ್ಟಿಗೆ ಬೆರಳಚ್ಚಿನವರು ಇದ್ದಾರಲ್ಲ."

ಹದಿನೇಳು, ಮಂಗಳವಾರ, ಮಧ್ಯಾಹ್ನ ಮೂರಕ್ಕೆ ಡಬ್ಬಿಗಳ ಮೊಹರು ಒಡೆದರು. ಮಿಸ್ತ್ರಿಯ ತಗಡು ಕನ್ನಡಿಯಾಗಿಯೇ ಇತ್ತು. ಕಾರ್ಯದರ್ಶಿಯದು ಅಲ್ಲಲ್ಲಿ ಮಂಕಾಗಿತ್ತು. ಮೂರನೆಯದರಲ್ಲಿ ಐದು ಬೆರಳು, ಇಟ್ಟಿಗೆ ಬಣ್ಣದಲ್ಲಿ. ಬೋಲ್ಟುಗಳ ಫೋಟೋ, ಹೋಲಿಸಿ ನೋಡಲು ಆ ತಗಡಿನ ಫೋಟೋ, ಎರಡೂ ಬೆರಳಚ್ಚು ವಿಭಾಗಕ್ಕೆ ಹೋದವು. ಹದಿನೆಂಟು, ಬುಧವಾರ, ಹನ್ನೆರಡು ಗಂಟೆಗೆ ವರದಿ ಬಂತು: ಹದಿಮೂರು ಬೋಲ್ಟಿನ ಮೇಲಿನ ಗುರುತು ಗುಮಾಸ್ತನ ಬಲಗೈಯದು. ಹನ್ನೆರಡು ನಲವತ್ತಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು.

ಅವನು ಹೆಚ್ಚು ಸತಾಯಿಸಲಿಲ್ಲ. ಮಾವ ಕಳಂಕ ಹೊತ್ತುಕೊಂಡು ಹೋಗಲಿ, ಒಂದು ದಿನವಾದರೂ ಜನ ಅವರನ್ನು ನೋಡಿ ನಗಲಿ ಅಂದುಕೊಂಡೆ ಎಂದು ಹೇಳಿಕೆ ಬರೆಸಿದ.

"ಗವಸು ಅಲ್ಲೇ ಮೊಳೇಲಿ ನೇತಾಡ್ತಿತ್ತಲ್ಲ," ಇನ್ಸ್‌ಪೆಕ್ಟರ್ ಕೇಳಿದರು. "ಯಾಕೆ ಹಾಕ್ಕೊಳ್ಳಲಿಲ್ಲ?"

ಗುಮಾಸ್ತ ಬೋಲ್ಟಿನ ಫೋಟೋದಲ್ಲಿದ್ದ ತನ್ನ ಹೆಬ್ಬೆರಳ ಗುರುತನ್ನೇ ನೋಡುತ್ತಿದ್ದ. "ಯಾಕೆ ಹಾಕ್ಕೋಬೇಕು ಮೇಡಂ? ಆ ತಗಡಿಗೆ ಅವರೇ ಉಪ್ಪುನೀರು ಸವರಿದ್ರು ಅಂತಾನೇ ನಾನು ನಂಬಿದ್ದೆ. ನನಗೆ ಕೆಲಸ ತಪ್ಪಿಸೋಕೆ." ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದ. "ಹಾಗಾದ್ರೆ ಅವರು ಹೇಳಿದ್ದು ನಿಜಾನಾ?"

ಉತ್ತರ ಅವನ ಕಣ್ಣೆದುರಿಗೇ ಇತ್ತು. ಇನ್ಸ್‌ಪೆಕ್ಟರ್ ಫೈಲು ಮುಚ್ಚಿದರು.

ಕಾರ್ಯದರ್ಶಿ ಮಿಸ್ತ್ರಿಯ ಕ್ಷಮೆ ಕೇಳಲಿಲ್ಲ. ಎರಡೂ ಒಂದೇ ರಕ್ತ ತಾನೇ ಅಂದರಂತೆ. ಮಿಸ್ತ್ರಿ ಸಂಜೆ ಠಾಣೆಯ ತನಕ ಬಂದು, ಒಳಗೆ ಬಾರದೆ, ಗೇಟಿನಲ್ಲೇ ಅರ್ಧ ಗಂಟೆ ನಿಂತು ಹೋದರು.

ಅದೇ ಹೊತ್ತಿಗೆ ಒಳಗೆ ಆರೋಪಿಯ ಹತ್ತೂ ಬೆರಳಿನ ಅಚ್ಚು ತೆಗೆದುಕೊಳ್ಳುವ ಕೆಲಸ ನಡೆದಿತ್ತು. ಅಂಗೈ ಸುರಿಯುತ್ತಿತ್ತು, ಶಾಯಿ ಜಾರುತ್ತಿತ್ತು. ಒರೆಸಿದರೆ ಮತ್ತೆ ಬೆವರು. ಎರಡು ಹಾಳೆ ಹಾಳಾದವು.

"ಇದೇನ್ರೀ ಕೈಯೋ ನಲ್ಲಿಯೋ?" ಎಂದ ಒಬ್ಬ ಕಾನ್‌ಸ್ಟೆಬಲ್. ಉಳಿದವರು ಕಿಸಕ್ಕನೆ ನಕ್ಕು ಹತ್ತಿರ ಬಂದರು.

ದಫೇದಾರರು ಅವರೆಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಮೂರನೆಯ ಹಾಳೆಯನ್ನು ಮೇಜಿನ ಮೇಲೆ ನೇರ ಮಾಡಿದರು. ಆಮೇಲೆ ಗುಮಾಸ್ತನ ಬಲಗೈಯನ್ನು ತಮ್ಮ ಕೈಗೆ ತೆಗೆದುಕೊಂಡು, ಒಣ ಬಟ್ಟೆಯಿಂದ ಒಂದೊಂದೇ ಬೆರಳನ್ನು ಒರೆಸತೊಡಗಿದರು.

"ಆತುರ ಇಲ್ಲ," ಎಂದರು. "ಆರಲಿ."